ಎರಡೂವರೆ ಅಡಿ ಬಾಕ್ಸಿನಲ್ಲಿ ಹುಡಿ ಚಿನ್ನ ನಿಂತಿತು

ಐವತ್ತರಲ್ಲಿ ನಲವತ್ತೆಂಟು. ಮೂರು ಸಲ ಎಣಿಸಿದೆ, ಲೆಕ್ಕ ಬದಲಾಗಲಿಲ್ಲ.

ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಸಾಸಿವೆಗಿಂತ ಸಣ್ಣದಾಗಿ ಕತ್ತರಿಸಿ, ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದ ಚೂರುಗಳು ಅವು. 50 ಎಣಿಸಿ ಒಂದು ಬಕೆಟ್ ಮಣ್ಣಿಗೆ ಬೆರೆಸಿ, ನನ್ನ ಸ್ಲೂಸ್ ಬಾಕ್ಸಿಗೆ, ಅಂದರೆ ಹಳ್ಳದ ಮಣ್ಣನ್ನು ನೀರಿನ ಜೊತೆ ಹರಿಸಿ ಚಿನ್ನ ತಡೆದು ನಿಲ್ಲಿಸುವ ಇಳಿಜಾರು ತೊಟ್ಟಿಗೆ, ಹಾಕಿದ್ದೆ. 48 ಬಾಕ್ಸಿನ ತಳದ ರಬ್ಬರ್ ಮ್ಯಾಟಿನಲ್ಲೇ ಸಿಕ್ಕವು. ಉಳಿದ ಎರಡು ಚೂರೂ ನೀರು ಹೊರಬೀಳುವ ಬಾಕ್ಸಿನ ಬಾಯಿಗೆ ಇಟ್ಟಿದ್ದ ಬಾಂಡ್ಲಿಯಲ್ಲಿ ಬಿದ್ದಿದ್ದವು. ಸೀಸದ ಸಾಂದ್ರತೆ 11.3, ಚಿನ್ನದ್ದು 19.3. ಅಷ್ಟು ಹಗುರದ ಸೀಸವೇ ನಿಂತಿದೆ ಅಂದರೆ ಅದೇ ಗಾತ್ರದ ಚಿನ್ನ ಎಲ್ಲಿಗೆ ಹೋಗುತ್ತದೆ? ಆವತ್ತು ನೀರಿನಲ್ಲೇ ಕೂತು ನಕ್ಕಿದ್ದು ನೆನಪಿದೆ. ಯಾಕೆಂದರೆ ಎರಡು ವರ್ಷ ಎಲ್ಲರೂ ಹೇಳಿದ್ದು ಒಂದೇ ಮಾತು: "ಬಾಕ್ಸ್ ತುಂಬಾ ಗಿಡ್ಡ ಆಯ್ತು ಕಣೋ, ಇರೋ ಚಿನ್ನವೆಲ್ಲ ನೀರುಪಾಲು." ಬಾಕ್ಸಿನ ಉದ್ದ ಎರಡೂವರೆ ಅಡಿ, ಅಗಲ ಎಂಟು ಇಂಚು. ಚಿನ್ನ ತಡೆಯೋಕೆ ಹಾಕುವ ಎತ್ತರದ ಅಡ್ಡಪಟ್ಟಿ ಒಂದೂ ಇಲ್ಲ. ನೋಡಿದರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ, ನಿಜ.

ಹಳ್ಳದಲ್ಲಿ ಎಲ್ಲಿ ಅಗೆಯಬೇಕು ಅನ್ನೋದು ನಿಮಗೆ ಗೊತ್ತಿರುವ ವಿಷಯ. ತಿರುವಿನ ಒಳಮಗ್ಗುಲು, ದೊಡ್ಡ ಗುಂಡುಕಲ್ಲಿನ ಹಿಂಬದಿ, ತಳದ ಬಂಡೆಯ ಬಿರುಕು. ಅದನ್ನು ಬಿಡುತ್ತೇನೆ. ಅಗೆದು ತಂದ ಮೇಲೆ ಏನೇನು ಕಳೆದುಕೊಂಡೆ ಅನ್ನೋದೇ ಇಲ್ಲಿ ಹೇಳಬೇಕಾದ್ದು.

ಮೊದಲ ಬಾಕ್ಸ್ ಮರದ್ದು. ನಾಲ್ಕು ಅಡಿ. ಹಲಗೆ ಮನೆಯಲ್ಲೇ ಇತ್ತು, ಖರ್ಚಾಗಿದ್ದು ಮೊಳೆ ಮತ್ತು ಅಂಟಿಗೆ ಮಾತ್ರ. ನೀರು ಕುಡಿದು ಮೂರೇ ದಿನಕ್ಕೆ ಉಬ್ಬಿತು, ಕೀಲು ಬಿಟ್ಟುಕೊಂಡಿತು. ಹಲಗೆಯ ಸಂದಿಯಲ್ಲಿ ಸೋರುವ ನೀರಿನ ಜೊತೆ ಸಣ್ಣ ಚಿನ್ನವೂ ಇಳಿದುಹೋಗುತ್ತದೆ ಅಂತ ತಲೆಗೆ ಬಂದಿದ್ದು ತಡವಾಗಿ. ಕೊನೆಗೆ ಆ ಬಾಕ್ಸನ್ನು ಒಣಗಿಸಿ, ತಗಡಿನ ಮೇಲಿಟ್ಟು ಸುಟ್ಟು, ಬೂದಿ ಜಾಲಿಸಿದೆ. ಹನ್ನೆರಡೋ ಹದಿಮೂರೋ ಚುಕ್ಕಿ ಸಿಕ್ಕವು. ಈ ಕೆಲಸ ಮಾಡೋರು ಒಂದು ನೆನಪಿಡಿ. ಹಳೇ ಗಣಿ ಇದ್ದ ಕಡೆಯ ಹಳ್ಳಗಳಲ್ಲಿ ಪಾದರಸ ಉಳಿದಿರಬಹುದು. ಚಿನ್ನದ ಚುಕ್ಕಿ ಬೆಳ್ಳಗೆ ಬೆಳ್ಳಿಯ ಹಾಗೆ ಕಂಡರೆ ಅದಕ್ಕೆ ಪಾದರಸ ಹತ್ತಿರಬಹುದು. ಅಂಥದ್ದನ್ನು ಬೆಂಕಿಗೆ ತೋರಿಸಲೇಬೇಡಿ, ಅಂಥ ಕಡೆ ಬಳಸಿದ ಬಾಕ್ಸನ್ನೂ ಸುಡಬೇಡಿ. ಆ ಹೊಗೆ ವಿಷ.

ಎರಡನೇದು ಅಲ್ಯೂಮಿನಿಯಂ. ನಾಲ್ಕೂವರೆ ಅಡಿ, ಒಂದಿಂಚು ಎತ್ತರದ ಅಡ್ಡಪಟ್ಟಿ ಹದಿನಾಲ್ಕು, ಅದರ ಕೆಳಗೆ ಜಾಳಿಗೆ, ಜಾಳಿಗೆ ಕೆಳಗೆ ಕಾರ್ಪೆಟ್. ಶೀಟ್ ಬಾಗಿಸಿ ರಿವೆಟ್ ಹೊಡೆಸಿದ ಕೂಲಿಯೇ ಶೀಟಿಗಿಂತ ಜಾಸ್ತಿ ಆಯಿತು. ನೋಡೋಕೆ ಚೆನ್ನಾಗಿತ್ತು. ಎಲ್ಲರೂ ಮೆಚ್ಚಿದರು. ಒಂದಿಡೀ ಕಾಲ ಅದನ್ನೇ ನಂಬಿ ದುಡಿದೆ. ಸುಮಾರು 350 ಬಕೆಟ್ ಹಾಯಿಸಿದೆ ಅಂತ ಕಾಣುತ್ತದೆ. ಕೈಗೆ ಬಂದಿದ್ದು ಒಂದೂಕಾಲು ಗ್ರಾಂ.

ಪಂಪು, ಬ್ಯಾಟರಿ, ಪೈಪು, ಓಡಾಟ ಎಲ್ಲ ಸೇರಿಸಿದರೆ ಆ ವರ್ಷದ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲೂ ವಾಪಸ್ ಬರಲಿಲ್ಲ. ಮಾರೋಕೆ ಹೋದಾಗ ಇನ್ನೊಂದು ಪಾಠ ಆಯಿತು. ಹಳ್ಳದ ಚಿನ್ನ ಅಪ್ಪಟ ಅಲ್ಲ, ಅದರಲ್ಲಿ ಬೆಳ್ಳಿ ಸೇರಿರುತ್ತದೆ. ಕರಗಿಸಿದ ಮೇಲೆ ತೂಕವೂ ಇಳಿಯಿತು, ಮಟ್ಟ ನೋಡಿ ದರವೂ ಇಳಿಯಿತು. ಅಲ್ಲಿಂದ ಮಾರೋದನ್ನೇ ಬಿಟ್ಟೆ. ಈಗ ಎಲ್ಲ ಸಣ್ಣ ಗಾಜಿನ ಸೀಸೆಯಲ್ಲಿದೆ.

ತಪ್ಪು ಗೊತ್ತಾಗಿದ್ದು ಬಾಕ್ಸಿನಿಂದ ಆಚೆ ಬಿದ್ದ ಮರಳಿನಲ್ಲಿ. ಒಂದು ದಿನ ಸುಮ್ನೆ ಆ ರಾಶಿಯಿಂದ ಎರಡು ಬೊಗಸೆ ತೆಗೆದು ತಟ್ಟೆಯಲ್ಲಿ ಜಾಲಿಸಿದೆ. ಚಿನ್ನದ ಜೊತೆ ತಳದಲ್ಲಿ ಉಳಿಯುವ ಭಾರದ ಕಪ್ಪು ಮರಳಿನ ಅಂಚಿನಲ್ಲಿ ಹಳದಿ ಗೆರೆ ಎದ್ದಿತು. ಸೂಜಿಮೊನೆಯಷ್ಟು ಸಣ್ಣ ಚುಕ್ಕಿಗಳು, ಒಂದರ ಹಿಂದೆ ಒಂದು. ಇಡೀ ವರ್ಷ ನಾನು ಹೊರಗೆ ಸುರಿದದ್ದು ಅದನ್ನೇ! ಆ ರಾತ್ರಿ ನಿದ್ದೆ ಬರಲಿಲ್ಲ.

ಸೀಸದ ಚೂರಿನ ಪರೀಕ್ಷೆ ಶುರು ಮಾಡಿದ್ದು ಅಲ್ಲಿಂದ. ಎರಡನೇ ಬಾಕ್ಸಿಗೆ 50 ಹಾಕಿದರೆ 31 ಸಿಕ್ಕವು. ಇನ್ನೊಂದು ಸಲ 29. ಪರೀಕ್ಷೆ ಮಾಡುವಾಗ ಬಾಯಿಗೆ ಬಾಂಡ್ಲಿ ಇಟ್ಟೇ ಮಾಡಿ, ಸೀಸ ಹಳ್ಳಕ್ಕೆ ಸೇರಬಾರದು.

ಕಾರಣ ಸರಳ, ಆದರೆ ನನಗೆ ಹೊಳೆಯೋಕೆ ಒಂದು ವರ್ಷ ಹಿಡಿಯಿತು. ಎತ್ತರದ ಅಡ್ಡಪಟ್ಟಿ ಇದ್ದರೆ ಅದರ ಹಿಂದೆ ಮರಳು ಗಟ್ಟಿಯಾಗಿ ಕೂರುತ್ತದೆ. ಕೂರಬಾರದು ಅಂತ ನೀರು ಜೋರು ಮಾಡುತ್ತೇವೆ. ದೊಡ್ಡ ಕಲ್ಲು ಉರುಳಿ ಹೋಗಲಿ ಅಂತ ಇನ್ನೂ ಜೋರು ಮಾಡುತ್ತೇವೆ. ಆ ರಭಸಕ್ಕೆ ಕಾಳು ಚಿನ್ನ ನಿಲ್ಲುತ್ತದೆ, ಹುಡಿ ಚಿನ್ನ ನಿಲ್ಲಲ್ಲ. ನಮ್ಮ ಹಳ್ಳದಲ್ಲಿ ಇರೋದೇ ಹುಡಿ. ಹಾಗಾಗಿ ಕಲ್ಲನ್ನು ಬಾಕ್ಸಿಗೇ ಬಿಡಬಾರದು. ಕಲ್ಲಿಲ್ಲದಿದ್ದರೆ ಜೋರು ನೀರು ಬೇಡ. ಜೋರು ನೀರಿಲ್ಲದಿದ್ದರೆ ಎತ್ತರದ ಪಟ್ಟಿ ಬೇಡ. ಪಟ್ಟಿ ಬೇಡ ಅಂದಮೇಲೆ ಅಷ್ಟುದ್ದದ ಬಾಕ್ಸೂ ಬೇಡ.

ಎರಡನೇ ಬಾಕ್ಸಿನ ಶೀಟನ್ನೇ ಕತ್ತರಿಸಿ ಮೂರನೇದು ಮಾಡಿದೆ. ಹಾಗಾಗಿ ಇದಕ್ಕೆ ಹೊಸ ಖರ್ಚು ಮ್ಯಾಟಿನದು ಮತ್ತು ಎರಡು ಜರಡಿಯದು, ಅಷ್ಟೇ. ಮಣ್ಣನ್ನು ಮೊದಲು ಅರ್ಧ ಇಂಚಿನ ಜರಡಿ, ಆಮೇಲೆ ಎಂಟನೇ ಒಂದು ಇಂಚಿನ ಜರಡಿಯಲ್ಲಿ, ನೀರಿನೊಳಗೇ ಮುಳುಗಿಸಿ ಅಲ್ಲಾಡಿಸಿ ಸೋಸುತ್ತೇನೆ. ಬೇಸರದ ಕೆಲಸ. ದಿನಕ್ಕೆ 40 ಬಕೆಟ್ ಹಾಯಿಸುತ್ತಿದ್ದವನು ಈಗ 15 ದಾಟಲ್ಲ. ಜರಡಿ ಮೇಲೆ ಉಳಿದ ಕಲ್ಲನ್ನು ಒಂದು ಸಲ ಕಣ್ಣಾಡಿಸಿಯೇ ಎಸೆಯುತ್ತೇನೆ, ದೊಡ್ಡ ಕಾಳು ಇದ್ದರೆ ಅಲ್ಲೇ ಇರಬೇಕಲ್ವಾ?

ಮ್ಯಾಟ್ ಅಡ್ಡಗೆರೆ ಇರುವ ರಬ್ಬರಿನದು. ಗೆರೆಯ ಆಳ ಎರಡು ಮೂರು ಮಿಲಿಮೀಟರ್. ಐದಾರು ಬಗೆ ತಂದು ನೋಡಿದ ಮೇಲೆ ಒಂದು ಸಿಕ್ಕಿದೆ. ಯಾವುದು ಅಂತ ಸದ್ಯಕ್ಕೆ ನನ್ನಲ್ಲೇ ಇರಲಿ. ಗೆರೆಯ ಮೇಲ್ಮಗ್ಗುಲು ನೇರ ಇರಬೇಕೋ ಇಳಿಜಾರಾಗಿರಬೇಕೋ ಅನ್ನೋದರಲ್ಲಿ ಗುಟ್ಟಿದೆ ಅಂತ ಮಾತ್ರ ಹೇಳುತ್ತೇನೆ. ಮೇಲುಗಡೆ ಒಂದು ಗೇಣು ಜಾಗ ಬರೀ ನುಣುಪು ಬಿಟ್ಟಿದ್ದೇನೆ. ಮಣ್ಣು ಅಲ್ಲಿ ಹರಡಿಕೊಂಡು, ಭಾರದ್ದು ತಳಕ್ಕಿಳಿದು, ಆಮೇಲೆ ಮ್ಯಾಟಿಗೆ ಬರುತ್ತದೆ.

ಇಳಿಜಾರು ಅಡಿಗೆ ಒಂದಿಂಚು ಅಂತ ಎಲ್ಲರೂ ಹೇಳುತ್ತಾರೆ. ನನ್ನದು ಅದಕ್ಕಿಂತ ಚೂರು ಕಡಿಮೆ, ಮುಕ್ಕಾಲು ಇಂಚಿನ ಆಸುಪಾಸು. ಅಳತೆಗಿಂತ ಗೆರೆಯೊಳಗೆ ನೋಡೋದು ಮುಖ್ಯ. ಕಪ್ಪು ಮರಳು ಗೆರೆಯ ಹಿಂದೆ ಸಣ್ಣಗೆ ಕುಣಿಯುತ್ತಿರಬೇಕು, ಕುದಿಯೋ ನೀರಿನ ತಳದ ಹಾಗೆ. ಕುಣಿತ ನಿಂತು ಗಟ್ಟಿಯಾಯಿತು ಅಂದರೆ ನೀರು ಸಾಲದು. ರಬ್ಬರಿನ ತಳವೇ ಬೋಳಾಗಿ ಕಂಡರೆ ನೀರು ಜಾಸ್ತಿ. ನಾನು ಬಾಕ್ಸಿನ ಪಕ್ಕ ಮಂಡಿಯೂರಿ, ಕೆನ್ನೆಯನ್ನು ನೀರಿನ ಮಟ್ಟಕ್ಕೆ ತಂದು ನೋಡುತ್ತೇನೆ. ಮೇಲಿನಿಂದ ನೋಡಿದರೆ ಹೊಳಪಿಗೆ ಏನೂ ಕಾಣಲ್ಲ.

ಈ ಕುಣಿತ ದಿನವಿಡೀ ಒಂದೇ ಸಮ ಇರಬೇಕು. ನನಗೆ ಅತಿ ಹೆಚ್ಚು ಕಾಟ ಕೊಟ್ಟಿದ್ದು ಇದೇ. ದೋಣಿಯೊಳಗಿನ ನೀರು ಹೊರಹಾಕೋಕೆ ಬಳಸುವ 12 ವೋಲ್ಟಿನ ಪಂಪು ನನ್ನದು. ಗಂಟೆಗೆ 1100 ಗ್ಯಾಲನ್, ಅಂದರೆ ನಾಲ್ಕು ಸಾವಿರ ಲೀಟರಿಗಿಂತ ಸ್ವಲ್ಪ ಜಾಸ್ತಿ ಅಂತ ಅದರ ಮೇಲೆ ಬರೆದಿದೆ. ಅದು ನೀರು ಮೇಲಕ್ಕೆತ್ತದೆ ಇದ್ದಾಗಿನ ಲೆಕ್ಕ. ಮೂರಡಿ ಮೇಲೆತ್ತಿ, ಉದ್ದ ಪೈಪ್ ಹಾಕಿದರೆ ತುಂಬಾ ಇಳಿಯುತ್ತದೆ. ಬ್ಯಾಟರಿ ಸೋತ ಹಾಗೆ ಇನ್ನೂ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಬಾಕ್ಸ್ ಮಧ್ಯಾಹ್ನಕ್ಕೆ ಮರಳಿನಲ್ಲಿ ಹೂತುಕೊಂಡಿರುತ್ತಿತ್ತು. ದೊಡ್ಡ ಬ್ಯಾಟರಿ ತಂದೆ. ಆಮೇಲೆ ಎರಡನೇ ಪಂಪು ತಂದೆ. ದುಡ್ಡು ಸುಮ್ನೆ ಹೋಯಿತು.

ಉಪಾಯ ಒಂದು ಒಡಕು ಬಕೆಟಿನಿಂದ ಬಂತು. ಪಂಪಿನ ನೀರನ್ನು ನೇರ ಬಾಕ್ಸಿಗೆ ಬಿಡದೆ ಎತ್ತರದಲ್ಲಿಟ್ಟ ಬಕೆಟಿಗೆ ಬಿಟ್ಟೆ. ಬಕೆಟಿನ ತಳದಿಂದ ಬಾಕ್ಸಿಗೆ ಪೈಪು. ಬಕೆಟಿನ ಅಂಚು ಒಂದು ಕಡೆ ಒಡೆದಿತ್ತು, ಹೆಚ್ಚಾದ ನೀರು ಅಲ್ಲಿಂದ ಹಳ್ಳಕ್ಕೆ ಚೆಲ್ಲುತ್ತಿತ್ತು. ಆ ಒಡಕಿನಲ್ಲಿ ನೀರು ಚೆಲ್ಲುತ್ತಿರುವಷ್ಟು ಹೊತ್ತು ಬಕೆಟಿನ ಮಟ್ಟ ಒಂದೇ. ಮಟ್ಟ ಒಂದೇ ಅಂದರೆ ಬಾಕ್ಸಿಗೆ ಹೋಗೋ ನೀರೂ ಒಂದೇ. ಬ್ಯಾಟರಿ ಇಳಿದರೆ ಚೆಲ್ಲೋದು ಕಡಿಮೆಯಾಗುತ್ತದೆ, ಬಾಕ್ಸಿಗೆ ಗೊತ್ತೇ ಆಗಲ್ಲ. ಚೆಲ್ಲೋದು ನಿಂತ ಕೂಡಲೇ ನಾನೂ ಮಣ್ಣು ಹಾಕೋದು ನಿಲ್ಲಿಸುತ್ತೇನೆ. ಅದಾದ ಮೊದಲ ಪರೀಕ್ಷೆಯಲ್ಲಿ 44 ಚೂರು ನಿಂತವು.

44ರಿಂದ 48ಕ್ಕೆ ಬಂದಿದ್ದು ಜೇಡಿಮಣ್ಣಿನ ಬುದ್ಧಿ ಕಲಿತ ಮೇಲೆ. ಬಂಡೆಯ ಮೇಲೆ ಅಂಟಿಕೊಂಡ ಜೇಡಿಯಲ್ಲಿ ಚಿನ್ನ ಚೆನ್ನಾಗಿರುತ್ತದೆ ಅಂತ ಅದನ್ನು ಕೆರೆದು ತಂದು ಹಾಕುತ್ತಿದ್ದೆ. ಒಂದು ಸಲ ಬಾಕ್ಸಿನ ಕೆಳಗೆ ಬಟಾಣಿಯಷ್ಟು ದಪ್ಪದ ಜೇಡಿ ಉಂಡೆ ಬಿದ್ದಿತ್ತು. ಉಗುರಿನಿಂದ ಸೀಳಿದೆ. ಒಳಗೆ ಏನೂ ಇರಲಿಲ್ಲ, ಹೊರಮೈಯಲ್ಲಿ ಮೂರು ಹಳದಿ ಚುಕ್ಕಿ ಮತ್ತು ನನ್ನದೇ ಒಂದು ಸೀಸದ ಚೂರು! ಉಂಡೆ ಮ್ಯಾಟಿನ ಮೇಲೆ ಉರುಳುತ್ತಾ, ನಿಂತಿದ್ದ ಚಿನ್ನವನ್ನು ಮೈಗೆ ಅಂಟಿಸಿಕೊಂಡು ಹೋಗುತ್ತಿತ್ತು. ಈಗ ಜೇಡಿಯನ್ನು ಬೇರೆ ಬಕೆಟಿನಲ್ಲಿ ರಾತ್ರಿಯಿಡೀ ನೆನೆಸಿ, ಕೈಯಿಂದ ಕಿವುಚಿ, ಬೆರಳಿಗೆ ಒಂದು ಗಂಟೂ ಸಿಗದ ಹಾಗೆ ಮಾಡಿ ಆಮೇಲೆ ಜರಡಿಗೆ ಹಾಕುತ್ತೇನೆ. ಮೊದಲ ಎರಡು ಬಾಕ್ಸಿನ ಕಾಲದಲ್ಲಿ ಎಷ್ಟು ಹೀಗೆ ಹೋಯಿತೋ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಹಳೇ ಫ್ಯಾನಿನ ಮೋಟಾರಿಗೆ ಒಂದು ಕಡೆ ತೂಕ ಕಟ್ಟಿ, ಕೆಳಗೆ ನಡುಗಿಸಿದರೆ ಚಿನ್ನ ಬೇಗ ಇಳಿಯುತ್ತದೆ ಅಂದುಕೊಂಡೆ. ಮರಳು ಇನ್ನೂ ಗಟ್ಟಿಯಾಗಿ ಕೂತಿತು, 48 ಇದ್ದದ್ದು 37ಕ್ಕೆ ಬಂತು. ಬಿಚ್ಚಿ ಎಸೆದೆ. ಇನ್ನೊಂದು ಪ್ರಯೋಗ ಮಾತ್ರ ಫಲ ಕೊಟ್ಟಿತು. ನೆರೆ ಬಂದಾಗ ಮುಳುಗಿ, ಆಮೇಲೆ ಒಣಗುವ ಬಂಡೆಗಳ ಮೇಲಿನ ಪಾಚಿ. ಒಂದು ಚೀಲದಷ್ಟು ಉದುರಿದ ಪಾಚಿ ತಂದು ನೀರಿನಲ್ಲಿ ಚೆನ್ನಾಗಿ ಹಿಂಡಿ, ತಳದ ಮಣ್ಣನ್ನು ಜಾಲಿಸಿದೆ. ನಾಲ್ಕೈದು ಬಕೆಟ್ ಮಣ್ಣಿನಲ್ಲಿ ಸಿಗುವಷ್ಟು ಚುಕ್ಕಿ ಅಷ್ಟರಲ್ಲೇ ಸಿಕ್ಕವು. ಪಾಚಿ ಬೆಳೆಯೋಕೆ ವರ್ಷಗಟ್ಟಲೆ ಬೇಕು, ಹಾಗಾಗಿ ಬಂಡೆಯನ್ನು ಬೋಳು ಮಾಡೋಕೆ ಮನಸ್ಸಾಗಲಿಲ್ಲ. ತಾನಾಗಿ ಕಿತ್ತು ಬಿದ್ದದ್ದನ್ನು ಮಾತ್ರ ತರುತ್ತೇನೆ. ಹಾಗೆಯೇ ತೋಡಿದ ಗುಂಡಿ ಮುಚ್ಚದೆ ಏಳೋದಿಲ್ಲ. ಜಾಗದವರ ಒಪ್ಪಿಗೆ, ಕಾನೂನಿನ ಅನುಮತಿ ಎರಡೂ ಇಲ್ಲದೆ ಸಲಿಕೆ ಮುಟ್ಟೋದೂ ಇಲ್ಲ.

ಕೊನೆಯ ಹಂತದ ಬಗ್ಗೆ ಎರಡು ಮಾತು. ಮ್ಯಾಟ್ ತೊಳೆದ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ. ಚಪ್ಪಟೆ ಚುಕ್ಕಿಗಳು ನೀರಿನ ಮೇಲೆ ತೇಲಿಬಿಡುತ್ತವೆ, ಈ ಹನಿ ಬಿದ್ದರೆ ಮುಳುಗುತ್ತವೆ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಕಪ್ಪು ಮರಳು ಎತ್ತುವಾಗ ನೀರಿನೊಳಗೇ ಎತ್ತಿ, ಎತ್ತಿದ್ದನ್ನು ಇನ್ನೊಂದು ತಟ್ಟೆಗೆ ಉದುರಿಸಿ, ಮತ್ತೆ ಎತ್ತಿ. ಮೊದಲ ಸಲ ಎತ್ತಿದ ಗೊಂಚಲಿನಲ್ಲಿ ಚಿನ್ನ ಸಿಕ್ಕಿಕೊಂಡೇ ಇರುತ್ತದೆ.

ಈ ಕಾಲದ ಲೆಕ್ಕ: ಸುಮಾರು 160 ಬಕೆಟ್, ಮೂರು ಗ್ರಾಂಗಿಂತ ಚೂರು ಜಾಸ್ತಿ. ಎರಡನೇ ಬಾಕ್ಸಿನ ಕಾಲದ ಅರ್ಧಕ್ಕಿಂತ ಕಡಿಮೆ ಮಣ್ಣು, ಎರಡು ಪಟ್ಟಿಗಿಂತ ಜಾಸ್ತಿ ಚಿನ್ನ, ಅದೂ ಅದೇ ತಿರುವಿನಲ್ಲಿ. ಗಿಡ್ಡ ಬಾಕ್ಸ್ ಅಂತ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ ಗೆಳೆಯ ಒಂದು ಭಾನುವಾರ ತನ್ನ ಐದಡಿ ಬಾಕ್ಸ್ ತಂದು, ನನ್ನದರ ಬಾಯಿಗೇ ಜೋಡಿಸಿ ಕೂತ. ನಾನು ಬಿಟ್ಟದ್ದೆಲ್ಲ ಅವನ ಬಾಕ್ಸಿಗೆ. ಸಂಜೆ ತನ್ನ ಕಾರ್ಪೆಟ್ ತೊಳೆದು ಅರ್ಧ ಗಂಟೆ ಜಾಲಿಸಿದ. ನಾಲ್ಕು ಚುಕ್ಕಿ. ನನ್ನ ತಟ್ಟೆಯಲ್ಲಿ ನೂರರ ಮೇಲಿದ್ದವು. ಏನೂ ಮಾತಾಡಲಿಲ್ಲ, ಜೇಬಿನಿಂದ ಟೇಪ್ ತೆಗೆದು ನನ್ನ ಬಾಕ್ಸನ್ನು ಅಳೆಯೋಕೆ ಶುರು ಮಾಡಿದ. ಇಳಿಜಾರು, ಅಗಲ, ಬಕೆಟಿನ ಎತ್ತರ ಎಲ್ಲ ನಾನೇ ಹೇಳಿದೆ. ಮ್ಯಾಟ್ ಯಾವುದು ಅಂತ ಇನ್ನೂ ಕೇಳುತ್ತಿದ್ದಾನೆ.

ಮೂಲೆಯಲ್ಲಿ ಎರಡು ಬಕೆಟ್ ಕಪ್ಪು ಮರಳು ಹಾಗೇ ಇದೆ, ಎರಡನೇ ಬಾಕ್ಸಿನ ಕಾಲದ್ದು. 50 ಮೆಶ್, ಅಂದರೆ ಇಂಚಿಗೆ 50 ಕಣ್ಣಿರುವ ಜರಡಿಯಲ್ಲಿ ಸೋಸಿ, ನೀರು ಇನ್ನಷ್ಟು ಇಳಿಸಿ, ಈ ಬಾಕ್ಸಿನಲ್ಲೇ ಮತ್ತೆ ಹಾಯಿಸಬೇಕು. ಮೊನ್ನೆ ಒಂದು ಹಿಡಿ ತೆಗೆದು ಜಾಲಿಸಿ ನೋಡಿದೆ, ಹನ್ನೊಂದು ಚುಕ್ಕಿ ಬಂದವು.