ಮೂರು ವಾರಕ್ಕೊಮ್ಮೆ ಪಾರ್ಕಿಗೆ

ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮ ಬಡಾವಣೆ. ಪಾರ್ಕಿಗೆ ಅಂತ ಬಿಟ್ಟ ಜಾಗದ ತುಂಬ ಎದೆಯೆತ್ತರ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಮಕ್ಕಳು ಒಳಗೆ ಕಾಲಿಡುತ್ತಿರಲಿಲ್ಲ. ಅದು ಹೂ ಬಿಟ್ಟಾಗೆಲ್ಲ ಪಕ್ಕದ ಮನೆ ಅಜ್ಜಿಗೆ ಸೀನು, ಕೈಯೆಲ್ಲ ತುರಿಕೆ.

ಅರ್ಜಿ ಕೊಟ್ಟೆವು. ಜೆಸಿಬಿ ಬಂದು ಒಂದೇ ದಿನದಲ್ಲಿ ಎಲ್ಲ ಸವರಿ ಹೋಯಿತು. ಮಳೆ ಹಿಡಿದ ಮೇಲೆ ಮೊದಲಿಗಿಂತ ದಟ್ಟವಾಗಿ ಎದ್ದಿತು. ಬೀಜವೆಲ್ಲ ಮಣ್ಣಲ್ಲೇ ಇತ್ತಲ್ವಾ! ಒಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಅವು ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತವೆ.

ಆಗ ಹನ್ನೊಂದು ಮನೆಯವರು ಸೇರಿ ನಾವೇ ಕೀಳೋಣ ಅಂದುಕೊಂಡೆವು. ಈ ಗಿಡ ಮೊಳೆತು ಒಂದು, ಒಂದೂವರೆ ತಿಂಗಳಿಗೆ ಹೂವಿಗೆ ಬರುತ್ತದೆ. ಹಾಗಾಗಿ ಮೂರು ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ 7ರಿಂದ 8. ಅಷ್ಟು ಸಾಕು, ಆದರೆ ತಪ್ಪಿಸುವ ಹಾಗಿಲ್ಲ. ಶ್ರಾವಣದಲ್ಲಿ ಹಬ್ಬ, ಪೂಜೆ ಅಂತ ಎರಡು ಸಲ ಬಿಟ್ಟೆವು. ಹೂವಾಗಿ ಬೀಜ ಉದುರಿ, ಅಷ್ಟು ದಿನದ ಕೆಲಸ ಹಾಳಾಯಿತು. ಅವತ್ತು ನನಗೆ ನಿಜಕ್ಕೂ ಅಳು ಬಂದಿತ್ತು.

ಮಳೆ ಬಂದ ಮರುದಿನ ಕೀಳುವುದು ಒಳ್ಳೆಯದು. ಮಣ್ಣು ಮೆತ್ತಗಿರುತ್ತದೆ, ಬೇರು ಸಮೇತ ಬರುತ್ತದೆ. ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೈಗೆ ಗ್ಲೌಸ್, ತುಂಬು ತೋಳಿನ ಅಂಗಿ, ಮೂಗಿಗೆ ಬಟ್ಟೆ ಬೇಕೇ ಬೇಕು. ಅಲರ್ಜಿ ಇರುವವರನ್ನು ದಯವಿಟ್ಟು ಈ ಕೆಲಸಕ್ಕೆ ಕರೆಯಬೇಡಿ, ಅವರು ಕಾಫಿ ಕೊಟ್ಟರೆ ಸಾಕು. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದಿದ್ದನ್ನು ಬೇಡ.

ಕಿತ್ತ ಜಾಗ ಸುಮ್ನೆ ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ. ಅದಕ್ಕೆ ಬೇಸಿಗೆ ಕೊನೆಯಲ್ಲಿ ತಗಚೆ ಬೀಜ ಎರಚಿದೆವು, ದಾರಿಯ ಬದಿಗೆ ಚೆಂಡು ಹೂ ಹಾಕಿದೆವು. ಮೊದಲ ಮಳೆಗೇ ತಗಚೆ ಒತ್ತಾಗಿ ಎದ್ದು ನೆಲ ಮುಚ್ಚಿತು. ಅದರ ನೆರಳಲ್ಲಿ ಪಾರ್ಥೇನಿಯಂ ಸಣಕಲಾಗಿಯೇ ಉಳಿಯಿತು. ಎಲೆ ತಿನ್ನುವ ಮೆಕ್ಸಿಕೋ ದುಂಬಿಯೂ ಮಳೆಗಾಲದಲ್ಲಿ ನಮ್ಮ ಜೊತೆ ಕೆಲಸ ಮಾಡಿತು. ಈ ಗಿಡ ತಿನ್ನಲಿ ಅಂತಲೇ 1984ರಲ್ಲಿ ಬೆಂಗಳೂರಿನಲ್ಲಿ ತಂದು ಬಿಟ್ಟ ಜಾತಿಯದು. ಗಿಡದ ಮೇಲೆ ಅದು ಕಂಡರೆ ಔಷಧಿ ಹೊಡೆಯಬೇಡಿ.

ಇದು ಮೂರನೇ ಮಳೆಗಾಲ. ಮೊದಲ ವರ್ಷ ಸಲಕ್ಕೆ ಹದಿನೈದು, ಇಪ್ಪತ್ತು ಚೀಲ ತುಂಬುತ್ತಿತ್ತು. ಕಳೆದ ಭಾನುವಾರ ಒಂದೂವರೆ ಚೀಲ. ಅಜ್ಜಿ ಸಂಜೆ ಹೊತ್ತು ಪಾರ್ಕಿನ ಕಟ್ಟೆ ಮೇಲೆ ಬಂದು ಕೂರುತ್ತಾರೆ. ಹಿಂದಿನ ಖಾಲಿ ಸೈಟಿನಲ್ಲಿ ಮಾತ್ರ ಗಿಡ ಹಾಗೇ ಇದೆ, ಬೀಜ ಅಲ್ಲಿಂದಲೇ ಹಾರಿ ಬರುತ್ತದೆ. ಸೈಟಿನ ಯಜಮಾನರ ಫೋನ್ ನಂಬರ್ ಮೊನ್ನೆ ಸಿಕ್ಕಿದೆ.