ಹೋಮ್ ನೋಡೋಕೆ ಹೋಗ್ತಿದ್ದೀರಾ? ಶನಿವಾರ ಬೆಳಗ್ಗೆ ಬೇಡ, ಭಾನುವಾರ ಸಂಜೆ ಆರೂವರೆಗೆ ಹೋಗಿ

ಬುದ್ಧಿ ಬೆಳವಣಿಗೆ ಕಮ್ಮಿ ಇರೋ ದೊಡ್ಡವರನ್ನ ಇಟ್ಕೊಂಡು ನೋಡ್ಕೊಳ್ಳೋ ಹೋಮ್‌ಗಳಿಗೆ ನಮ್ಮ ಜನ ಹೆಣ್ಣು ನೋಡೋಕೆ ಹೋದ ಹಾಗೆ ಹೋಗ್ತಾರೆ. ಮೊದಲೇ ಫೋನ್ ಮಾಡಿ, ಶನಿವಾರ ಹನ್ನೊಂದು ಗಂಟೆಗೆ, ಕಾರಲ್ಲಿ ನಾಲ್ಕು ಜನ. ಅವರು ಆಫೀಸ್ ರೂಮಲ್ಲಿ ಫ್ಯಾನ್ ಹಾಕಿ ಕೂರಿಸಿ ಕಾಫಿ ಕೊಡ್ತಾರೆ, ಒಂದು ಆಲ್ಬಂ ತೋರಿಸ್ತಾರೆ, ಸ್ನಾನ ಮಾಡಿಸಿ ಪೌಡರ್ ಹಾಕಿದ ನಾಲ್ಕು ಜನರನ್ನ ಕರ್ಕೊಂಡು ಬಂದು ನಮಸ್ಕಾರ ಮಾಡಿಸ್ತಾರೆ, ಇವರು "ಪಾಪ, ತುಂಬಾ ನೀಟಾಗಿ ಇಟ್ಕೊಂಡಿದ್ದಾರೆ ಕಣ್ರೀ" ಅಂತ ಕಣ್ಣೊರೆಸ್ಕೊಂಡು ಅಡ್ವಾನ್ಸ್ ಕೊಟ್ಟು ಬರ್ತಾರೆ.

ನಾನೂ ಹಾಗೇ ಮಾಡಿದ್ದೆ. ತಮ್ಮನಿಗೆ ಆಗ ಮೂವತ್ತೊಂದು, ಅಮ್ಮನ ಮಂಡಿ ಹೋಗಿತ್ತು, ಅವನನ್ನ ಎತ್ತಿ ಕೂರಿಸೋಕೆ ಆಗ್ತಿರಲಿಲ್ಲ. ಮೊದಲನೇ ಹೋಮ್‌ನಿಂದ ಮೂರೇ ತಿಂಗಳಿಗೆ ವಾಪಸ್ ಕರ್ಕೊಂಡು ಬಂದ್ವಿ. ಆಮೇಲಿಂದ ನಮ್ಮದಕ್ಕೆ, ಬೇರೆಯವರದಕ್ಕೆ ಅಂತ ಹತ್ತು ಹನ್ನೆರಡು ಹೋಮ್ ನೋಡಿದ್ದೀನಿ.

ಮೊದಲು ಪೇಪರ್. ಇದು ಸುಲಭ, ಆದರೂ ಜನ ಮೋಸ ಹೋಗೋದು ಇಲ್ಲೇ. ಗೋಡೆ ಮೇಲೆ ಫ್ರೇಮ್ ಹಾಕಿ 80ಜಿ, 12ಎ ಸರ್ಟಿಫಿಕೇಟ್ ನೇತುಹಾಕಿರ್ತಾರೆ, ಅದು ನೋಡಿ "ಗೌರ್ನಮೆಂಟ್ ಅಪ್ರೂವ್ಡ್" ಅಂದ್ಕೊಬೇಡಿ, ಅದು ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಅಷ್ಟೇ, ಹೋಮ್ ನಡೆಸೋಕೆ ಪರ್ಮಿಶನ್ ಅಲ್ಲ. ಕೇಳಬೇಕಾಗಿರೋದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 50ನೇ ಸೆಕ್ಷನ್ ಪ್ರಕಾರ ಆಗಿರೋ ನೋಂದಣಿ. ಡೇಟ್ ಮುಗಿದಿದೆಯಾ ನೋಡಿ. ಅದು ಎಲ್ಲರಿಗೂ ಕಾಣೋ ಜಾಗದಲ್ಲಿ ಇರಬೇಕು ಅಂತ ಕಾಯ್ದೆನೇ ಹೇಳುತ್ತೆ, ಹಾಗಾಗಿ "ಆಡಿಟರ್ ಹತ್ರ ಇದೆ" ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ನಮ್ಮೋರಂಥವರಿಗೆ ಅಂತಲೇ ಇರೋ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಡಿ ರಿಜಿಸ್ಟರ್ ಆಗಿದ್ರೆ ಇನ್ನೂ ಒಳ್ಳೇದು. ಇನ್ನು ಕೆಲವರು ಮೆಂಟಲ್ ಹೆಲ್ತ್ ಲೈಸೆನ್ಸ್ ತೋರಿಸ್ತಾರೆ, ಅದು ಮಾನಸಿಕ ಕಾಯಿಲೆಗೆ. 2017ರ ಮೆಂಟಲ್ ಹೆಲ್ತ್ ಕೇರ್ ಕಾಯ್ದೆ ಬೌದ್ಧಿಕ ವಿಕಲತೆಯನ್ನ ಮಾನಸಿಕ ಕಾಯಿಲೆ ಅಂತ ಲೆಕ್ಕಕ್ಕೇ ತಗೊಳಲ್ಲ, ಎರಡನ್ನೂ ಒಂದೇ ಹಾಲ್‌ನಲ್ಲಿ ತುಂಬಿದ್ದಾರೆ ಅಂದ್ರೆ ಅವರಿಗೆ ವ್ಯತ್ಯಾಸನೇ ಗೊತ್ತಿಲ್ಲ.

ಎರಡನೇದು ಟೈಮು. ಮೊದಲ ಸಲ ಹೇಳಿ ಹೋಗಿ, ಅದು ಮರ್ಯಾದೆ. ಎರಡನೇ ಸಲ ಹೇಳದೆ, ಭಾನುವಾರ ಸಂಜೆ ಆರೂವರೆ ಏಳಕ್ಕೆ. ಡ್ಯೂಟಿ ಬದಲಾಗೋ ಹೊತ್ತು, ಮ್ಯಾನೇಜರ್ ಇರಲ್ಲ, ಊಟ ಶುರುವಾಗಿರುತ್ತೆ. ರೂಮುಗಳ ಒಳಗೆ ಬಿಡಲ್ಲ ಅಂದ್ರೆ ಜಗಳ ಆಡಬೇಡಿ, ಅದು ಅಲ್ಲಿರೋರ ಮನೆ, ಅವರ ಬೆಡ್‌ರೂಮು. ಊಟದ ಹಾಲ್‌ನಲ್ಲಿ ಕೂರೋಕೂ ಬಿಡಲ್ಲ ಅಂದ್ರೆ ಮಾತ್ರ ಯೋಚನೆ ಮಾಡಿ. ಯಾರದೋ ಬರ್ತ್‌ಡೇ ಊಟ ಇರೋ ದಿನ ಅಂತೂ ಹೋಗಲೇಬೇಡಿ. ಅವತ್ತು ಎಲ್ಲರಿಗೂ ಹೊಸ ಶರ್ಟು, ಪಾಯಸ, ಚಪ್ಪಾಳೆ. ನಲವತ್ತೈದು ವರ್ಷದ ಗಂಡಸಿನ ಕೈಲಿ ಬಲೂನ್ ಕೊಟ್ಟು ಯಾರದೋ ಮಗುವಿಗೆ ಹ್ಯಾಪಿ ಬರ್ತ್‌ಡೇ ಹಾಡಿಸೋದು ನನಗಂತೂ ನೋಡೋಕೆ ಆಗಲ್ಲ. ಗೂಗಲ್‌ನಲ್ಲಿ ಐದು ಸ್ಟಾರ್ ಕೊಟ್ಟಿರೋರೂ ಮುಕ್ಕಾಲುಪಾಲು ಈ ಊಟ ಹಾಕಿಸಿದೋರೇ, ಒಂದು ರಾತ್ರಿ ಅಲ್ಲಿ ಇದ್ದೋರಲ್ಲ.

ಯಾವಾಗಲೋ ಒಂದು ದಿನ ಬಂದು ಮಾಡೋ ಇನ್‌ಸ್ಪೆಕ್ಷನ್ನಿಗೆ ಎಲ್ಲಾ ಕಡೆ ಇದೇ ಹಣೆಬರಹ. ಇಂಗ್ಲೆಂಡಿನಲ್ಲಿ ಇದಕ್ಕೇ ಅಂತ ಸರ್ಕಾರಿ ಸಂಸ್ಥೆ ಇದೆ, ಕೇರ್ ಕ್ವಾಲಿಟಿ ಕಮಿಷನ್ ಅಂತ, ಪ್ರತಿ ಹೋಮ್‌ನ ರಿಪೋರ್ಟನ್ನೂ ಆನ್‌ಲೈನ್ ಹಾಕ್ತಾರೆ. ಆದರೂ 2011ರಲ್ಲಿ ಬ್ರಿಸ್ಟಲ್ ಹತ್ರದ ವಿಂಟರ್‌ಬೋರ್ನ್ ವ್ಯೂ ಅನ್ನೋ, ಲರ್ನಿಂಗ್ ಡಿಸೆಬಿಲಿಟಿ ಇರೋರ ಖಾಸಗಿ ಆಸ್ಪತ್ರೆಯಲ್ಲಿ ಸಿಬ್ಬಂದಿ ಅಲ್ಲಿದ್ದವರನ್ನ ಹೊಡೆಯೋದು ಬಡಿಯೋದು ಹೊರಗೆ ಬಂದಿದ್ದು ಬಿಬಿಸಿ ವರದಿಗಾರ ಒಬ್ಬ ಕೆಲಸಗಾರನಾಗಿ ಸೇರ್ಕೊಂಡು ಗುಟ್ಟಾಗಿ ವಿಡಿಯೋ ಮಾಡಿದ್ಮೇಲೇ. ಹನ್ನೊಂದು ಜನಕ್ಕೆ ಶಿಕ್ಷೆ ಆಯ್ತು. (ಅಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದ್ರೆ ನಾವು ಬುದ್ಧಿಮಾಂದ್ಯ ಅಂತಿದ್ವಲ್ಲ ಅದು. ನಮ್ಮಲ್ಲಿ ಅದೇ ಪದಕ್ಕೆ ಡಿಸ್ಲೆಕ್ಸಿಯಾ ಥರದ ಓದು ಬರಹದ ತೊಂದರೆ ಅಂತ ಅರ್ಥ. ಇಂಟರ್ನೆಟ್‌ನಲ್ಲಿ ಓದೋವಾಗ ಗೊಂದಲ ಮಾಡ್ಕೊಬೇಡಿ.) ಒಂದು ಒಳ್ಳೇದನ್ನ ಮಾತ್ರ ಅವರಿಂದ ಕಲೀಬೇಕು, ಇನ್‌ಸ್ಪೆಕ್ಷನ್ನಿಗೆ ಹೋಗುವಾಗ ಎಷ್ಟೋ ಸಲ ಇಂಥ ಕೇರ್‌ನಲ್ಲಿ ಸ್ವತಃ ಇದ್ದು ಗೊತ್ತಿರೋರನ್ನೂ ಜೊತೆಗೆ ಕರ್ಕೊಂಡು ಹೋಗ್ತಾರೆ. ನಾವು ಅಲ್ಲಿ ಇರಬೇಕಾದವನನ್ನೇ ಮನೇಲಿ ಬಿಟ್ಟು ಹೋಗ್ತೀವಿ! ಅವನನ್ನ ಕರ್ಕೊಂಡೇ ಹೋಗಿ. ಗೇಟ್ ಒಳಗೆ ಕಾಲಿಟ್ಟಾಗ ಅವನ ಕೈ ನಿಮ್ಮ ಕೈಯನ್ನ ಎಷ್ಟು ಗಟ್ಟಿ ಹಿಡ್ಕೊಳ್ಳುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ.

ಟಾಯ್ಲೆಟ್ಟು. ಒಳಗಡೆ ಚಿಲಕ ಇದೆಯಾ, ಸೋಪ್ ಇದೆಯಾ, ಹಿಡ್ಕೊಳ್ಳೋಕೆ ಕಂಬಿ ಇದೆಯಾ, ಬ್ರಶ್‌ಗಳ ಮೇಲೆ ಹೆಸರಿದೆಯಾ. ಉಚ್ಚೆ ವಾಸನೆ ಸ್ವಲ್ಪ ಬಂದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ, ಮೂಗು ಉರಿಯೋ ಹಾಗೆ ಫಿನಾಯಿಲ್ ವಾಸನೆ ಬಂದ್ರೆ ಕೆಡಿಸ್ಕೋತೀನಿ, ನೀವು ಬರ್ತೀರ ಅಂತ ಈಗಷ್ಟೇ ಸುರಿದಿರ್ತಾರೆ. ಸಂಜೆ ಐದಕ್ಕೇ ಎಲ್ಲರಿಗೂ ಡೈಪರ್ ಕಟ್ಟಿದ್ದಾರಾ ನೋಡಿ. ನಡ್ಕೊಂಡು ಟಾಯ್ಲೆಟ್‌ಗೆ ಹೋಗಬಲ್ಲೋರಿಗೂ ಕಟ್ಟಿದ್ದಾರೆ ಅಂದ್ರೆ ರಾತ್ರಿ ಸ್ಟಾಫ್ ಇಲ್ಲ ಅಂತಲೇ ಅರ್ಥ, ಅದೂ ಹೋಲ್‌ಸೇಲ್‌ನಲ್ಲಿ ಸಿಗೋ ಆ ತೆಳ್ಳಗಿನ ಡೈಪರ್ ಎರಡು ಗಂಟೆ ತಡೆಯಲ್ಲ, ತೊಡೆಸಂದಿ ಎಲ್ಲಾ ಹುಣ್ಣಾಗುತ್ತೆ. ಹೆಣ್ಣುಮಕ್ಕಳಾದ್ರೆ ಮುಟ್ಟಿನ ದಿನ ಏನು ಮಾಡ್ತೀರ ಅಂತ ನೇರ ಕೇಳಿ, ಸಂಕೋಚ ಬೇಡ. 1994ರಲ್ಲಿ ಪುಣೆಯಲ್ಲಿ ಸರ್ಕಾರಿ ಹೋಮ್‌ನ ಹೆಣ್ಣುಮಕ್ಕಳಿಗೆ ಇದೇ ತಾಪತ್ರಯ ಅಂತ ಗರ್ಭಕೋಶನೇ ತೆಗೆಸಿದ್ದು ದೊಡ್ಡ ಗಲಾಟೆ ಆಗಿತ್ತು. "ಆಪರೇಷನ್ ಮಾಡಿಸ್ಕೊಂಡು ಬಂದ್ರೆ ಸೇರಿಸ್ಕೋತೀವಿ" ಅನ್ನೋರು ಈಗಲೂ ಸಿಕ್ತಾರೆ. ಎದ್ದು ಬನ್ನಿ.

ಈಗ ಮುಖ್ಯವಾದ್ದು, ಎಲ್ಲರೂ ಕೆಡಿಸೋದು. ಸುಮ್ಮನೆ ಕೂತು ನೋಡೋದು.

ಜನ ಏನು ಮಾಡ್ತಾರೆ ಅಂದ್ರೆ ಅಲ್ಲಿರೋರ ಹತ್ರ ಹೋಗಿ "ಚೆನ್ನಾಗಿದ್ದೀಯಾ? ಊಟ ಆಯ್ತಾ? ಇಲ್ಲಿ ಇಷ್ಟನಾ?" ಅಂತ ಕೇಳ್ತಾರೆ. ಎಲ್ಲದಕ್ಕೂ ಹೂಂ ಅಂತಾರೆ. ನನ್ನ ತಮ್ಮನೂ ಅಷ್ಟೇ, "ನೀನು ಆನೆನಾ?" ಅಂದ್ರೂ ಹೂಂ ಅಂತಾನೆ, ಹೂಂ ಅಂದ್ರೆ ಎದುರಿಗಿರೋರು ನಗ್ತಾರೆ ಅಂತ ಮೂವತ್ತು ವರ್ಷದಿಂದ ಕಲ್ತಿದ್ದಾನೆ. ಅದಕ್ಕೇ ಹೂಂ ಅನ್ನೋ ಪ್ರಶ್ನೆ ಬೇಡ. ಮಾತಾಡೋರಾದ್ರೆ "ಬೆಳಗ್ಗೆ ಏನು ತಿಂದ್ರಿ, ನಿಮ್ಮ ಬಟ್ಟೆ ಎಲ್ಲಿಡ್ತೀರ, ತೋರಿಸಿ" ಅನ್ನಿ. ಕರ್ಕೊಂಡು ಹೋಗಿ ತೋರಿಸಿದ್ರೆ ಅವರದ್ದೇ ಬೀರು ಇದೆ ಅಂತ ಅರ್ಥ. ಒಂದು ರಾಶಿಯಿಂದ ಸಿಕ್ಕಿದ ಶರ್ಟು ಯಾರಿಗಾದ್ರೂ ಹಾಕೋ ಹೋಮ್‌ಗಳಲ್ಲಿ ಈ ಪ್ರಶ್ನೆಗೆ ಅವರು ಸುಮ್ಮನೆ ನಿಮ್ಮ ಮುಖ ನೋಡ್ತಾರೆ.

ಮಾತು ಬಾರದೋರೂ ಎಷ್ಟೋ ಜನ ಇರ್ತಾರೆ, ಅವರಿಗೆ ಈ ಉಪಾಯ ನಡೆಯಲ್ಲ. ಊಟದ ಹೊತ್ತಿಗೆ ಒಂದು ಮೂಲೆಯಲ್ಲಿ ಕೂತು, ಮೊಬೈಲ್ ಒಳಗಿಟ್ಟು, ಒಬ್ಬರನ್ನ ಆರಿಸ್ಕೊಂಡು ಒಂದು ಗಂಟೆ ಅವರನ್ನೇ ನೋಡಿ. ಎಲ್ಲರನ್ನೂ ನೋಡೋಕೆ ಹೋದ್ರೆ ಏನೂ ಕಾಣಲ್ಲ. ಚುರುಕಾಗಿ ಓಡಾಡೋರನ್ನ ಆರಿಸಬೇಡಿ, ಅವರನ್ನ ಎಲ್ಲರೂ ಮಾತಾಡಿಸ್ತಾರೆ, ಗೋಡೆ ಕಡೆ ತಿರುಗಿ ಕೂತಿರೋರು ಒಬ್ಬರು ಇರ್ತಾರೆ, ಅವರನ್ನ ಆರಿಸಿ. ಈ ಒಂದು ಗಂಟೆಯಲ್ಲಿ ಅವರ ಹೆಸರು ಹಿಡಿದು ಯಾರಾದ್ರೂ ಎಷ್ಟು ಸಲ ಕರೆದ್ರು? ಕರೆಯುವಾಗ ಎದುರಿಗೆ ಬಂದ್ರಾ, ಹಿಂದಿನಿಂದ ಕಾಲರ್ ಹಿಡಿದು ಎಬ್ಬಿಸಿದ್ರಾ? "ಬಾರಪ್ಪ" ಅಂದ್ರಾ, "ಏ ಬಾರೋ" ಅಂದ್ರಾ, "ಆ ಫಿಟ್ಸ್ ಕೇಸ್ ಕರ್ಕೊಂಡ್ಬಾ" ಅಂದ್ರಾ? ಆಯಾ ಹತ್ರ ಬಂದಾಗ ಅವರ ಭುಜ ಸಡಿಲ ಆಯ್ತಾ, ಕೈ ಮುಖದ ಮುಂದೆ ಹೋಯ್ತಾ? ಹೊಡೆತ ತಿಂದೋರ ಕೈ ಮೊದಲು ಮೇಲೆ ಹೋಗುತ್ತೆ, ಇದನ್ನ ಯಾವ ಮ್ಯಾನೇಜರ್ರೂ ಮುಚ್ಚಿಡೋಕಾಗಲ್ಲ.

ತಟ್ಟೆ ನೋಡಿ. ಒಂದು ಕಡೆ, ಟೈಲ್ಸ್ ಹಾಕಿದ ಹೊಸ ಬಿಲ್ಡಿಂಗು, ಅನ್ನ ಸಾರು ಪಲ್ಯ ಮಜ್ಜಿಗೆ ಎಲ್ಲಾ ಒಟ್ಟಿಗೆ ಕಲಸಿ ಬಕೆಟ್‌ನಲ್ಲಿ ತಂದ್ರು. ತಿನ್ನಿಸೋ ಹುಡುಗ ನಿಂತ್ಕೊಂಡೇ ಇಬ್ಬರಿಗೆ ಆ ಕಡೆ ಈ ಕಡೆ ಸ್ಪೂನ್ ಹಾಕ್ತಿದ್ದ, ಕೂತೋರು ಅವನ ಕೈ ಎತ್ತರಕ್ಕೆ ಕತ್ತು ಹಿಂದಕ್ಕೆ ಚಾಚಿ ಬಾಯಿ ತೆಗೀಬೇಕು. ಕತ್ತು ಹಿಂದಕ್ಕೆ ಹೋದ್ರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತೆ, ಇಂಥೋರು ನ್ಯುಮೋನಿಯಾ ಆಗಿ ಹೋಗೋದು ಎಷ್ಟೋ ಸಲ ಹೀಗೇ. ನಾಲ್ಕು ನಿಮಿಷಕ್ಕೆ ಊಟ ಮುಗೀತು, ನಾನು ವಾಚ್ ನೋಡ್ತಿದ್ದೆ. ಇನ್ನೊಂದು ಕಡೆ ಹಳೇ ಹೆಂಚಿನ ಮನೆ, ಗೋಡೆ ಸುಣ್ಣ ಕಿತ್ತು ಬರ್ತಿತ್ತು. ಆಯಾ ಒಬ್ಬರು ಸ್ಟೂಲ್ ಎಳ್ಕೊಂಡು ಒಬ್ಬ ಮನುಷ್ಯನ ಎದುರಿಗೆ ಕೂತು ಎರಡು ಲೋಟ ಎತ್ತಿ ಹಿಡಿದ್ರು, "ಮಜ್ಜಿಗೆನಾ ಅಣ್ಣ, ನೀರಾ?" ಅವನು ಸೂರು ನೋಡ್ತಿದ್ದ. ಅವರು ಮತ್ತೆ ಕೇಳಲಿಲ್ಲ, ಲೋಟ ಇಳಿಸಲೂ ಇಲ್ಲ. ಮನಸ್ಸಲ್ಲಿ ಎಣಿಸಿದೆ, ಹದಿನೆಂಟು ಎಣಿಸೋ ಹೊತ್ತಿಗೆ ಅವನ ಕಣ್ಣು ಎಡಗಡೆ ಲೋಟದ ಮೇಲೆ ಬಂತು. ಮಜ್ಜಿಗೆ ಕೊಟ್ರು. ನನ್ನ ತಮ್ಮ ಈಗ ಇರೋದು ಅಲ್ಲೇ. ಸುಣ್ಣ ಇನ್ನೂ ಹೊಡೆಸಿಲ್ಲ.

ಆಮೇಲೆ ಮಾತ್ರೆ ಪುಸ್ತಕ. ನಿಮ್ಮೋರು ಇನ್ನೂ ಸೇರಿಲ್ಲ ಅಂದ್ರೆ ಹೆಸರು ಮುಚ್ಚಿ ಒಂದು ಪುಟ ತೋರಿಸಿ ಅನ್ನಿ. ತಿಂಗಳಿಡೀ ಒಂದೇ ಪೆನ್ನು, ಒಂದೇ ಸೈನು ಇದ್ರೆ ಅದು ಒಂದೇ ದಿನ ಕೂತು ಬರೆದಿದ್ದು. ಸಂಜೆ ಆರೂವರೆಗೇ ರಾತ್ರಿ ಒಂಬತ್ತರ ಕಾಲಂಗೆ ಟಿಕ್ ಬಿದ್ದಿರೋದನ್ನ ನಾನೇ ಎರಡು ಕಡೆ ನೋಡಿದ್ದೀನಿ. ಫಿಟ್ಸ್ ಮಾತ್ರೆ, ವಾಲ್ಪ್ರೋಯೇಟ್ ಆಗ್ಲಿ ಫೆನಿಟಾಯಿನ್ ಆಗ್ಲಿ, ಒಂದೆರಡು ಹೊತ್ತು ತಪ್ಪಿದ್ರೂ ಫಿಟ್ಸ್ ಬರಬಹುದು, ಇದು ಆಟ ಅಲ್ಲ. ಗಲಾಟೆ ಮಾಡಿದ್ರೆ ಏನು ಕೊಡ್ತೀರ ಅಂತ ಕೇಳಿ. ರಿಸ್ಪೆರಿಡೋನ್ (ಮಾನಸಿಕ ಕಾಯಿಲೆಗೆ ಕೊಡೋ ಮಾತ್ರೆ) ಅಂದ್ರೆ ಯಾರು ಬರೆದುಕೊಟ್ರು, ಯಾವಾಗ, ಕಮ್ಮಿ ಮಾಡೋಕೆ ನೋಡಿದ್ದೀರಾ ಅಂತ ಬಿಡದೆ ಕೇಳಿ. ಎಷ್ಟೋ ಸಲ ಗಲಾಟೆ ಹಿಂದೆ ಹಲ್ಲುನೋವು, ಇಲ್ಲಾ ಐದು ದಿನದಿಂದ ಕಟ್ಟಿಕೊಂಡಿರೋ ಹೊಟ್ಟೆ ಇರುತ್ತೆ.

ಒಂದು ಪ್ರಶ್ನೆನ ಮ್ಯಾನೇಜರ್‌ಗೆ ಕೇಳಬೇಡಿ, ರಾತ್ರಿ ಡ್ಯೂಟಿಯವರಿಗೇ ಕೇಳಿ: "ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದ್ರೆ ಏನು ಮಾಡ್ತೀರ?" ಕೈಗೆ ಕಬ್ಬಿಣ ಕೊಡ್ತೀವಿ, ಈರುಳ್ಳಿ ಮೂಸಿಸ್ತೀವಿ, ಬಾಯಿಗೆ ಸ್ಪೂನ್ ಇಡ್ತೀವಿ ಅಂದ್ರೆ ಅವರಿಗೆ ಯಾರೂ ಹೇಳ್ಕೊಟ್ಟಿಲ್ಲ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ, ಟೈಮ್ ನೋಡ್ತೀವಿ, ಐದು ನಿಮಿಷ ದಾಟಿದ್ರೆ ಆಂಬ್ಯುಲೆನ್ಸ್ ಅನ್ನಬೇಕು. ಅದರ ಜೊತೆಗೇ ಇನ್ನೊಂದು, "ಗ್ರಿಲ್ ಬೀಗದ ಕೀ ಯಾರ ಹತ್ರ?" 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ 28 ಜನ ಸತ್ರಲ್ಲ, ಅವರು ಮಾನಸಿಕ ಕಾಯಿಲೆಯೋರು, ಸರಪಳಿ ಹಾಕಿ ಕಟ್ಟಿದ್ರು, ಓಡೋಕಾಗಲಿಲ್ಲ. ಸರಪಳಿ ಈಗ ಕಾಣಲ್ಲ, ಬೀಗ ಹಾಕಿ ಕೀ ಜೇಬಲ್ಲಿಟ್ಕೊಂಡು ಮನೆಗೆ ಹೋಗೋ ವಾರ್ಡನ್‌ಗಳು ಇದ್ದಾರೆ. ಸಿಸಿ ಕ್ಯಾಮೆರಾ ಇದೆ ಸರ್ ಅಂತಾರೆ. ಕ್ಯಾಮೆರಾ ಬೀಗ ತೆಗೆಯಲ್ಲ. ಬಾತ್‌ರೂಮ್ ಬಾಗಿಲಿಗೆ ಮುಖ ಮಾಡಿ ಇಟ್ಟಿದ್ರೆ ಅದು ಇನ್ನೊಂದು ಕಥೆ.

ದುಡ್ಡಿನ ವಿಷಯ ಚಿಕ್ಕದಾಗಿ. ತಿಂಗಳ ಫೀಸ್ ಎಷ್ಟಾದ್ರೂ ಇರಲಿ, ರಸೀದಿ ತಗೊಳ್ಳಿ. "ಲೈಫ್‌ಟೈಮ್ ಡೆಪಾಸಿಟ್" ಅಂತ ಲಕ್ಷಗಟ್ಟಲೆ ಒಂದೇ ಸಲ ಕೇಳಿದ್ರೆ ಕೊಡಬೇಡಿ, ನಾಳೆ ಕರ್ಕೊಂಡು ಬರಬೇಕು ಅನ್ನಿಸಿದ್ರೆ ಆ ದುಡ್ಡೇ ನಿಮ್ಮ ಕಾಲು ಕಟ್ಟಿಹಾಕುತ್ತೆ. ಹದಿನೆಂಟು ದಾಟಿದ್ಮೇಲೆ ಅಪ್ಪ ಅಮ್ಮ ಅನ್ನೋ ಕಾರಣಕ್ಕೇ ಕಾನೂನು ಪ್ರಕಾರ ಗಾರ್ಡಿಯನ್ ಆಗಲ್ಲ, ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲೆಯ ಡಿಸಿ ಇರೋ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಇದನ್ನ ಹೋಮ್‌ಗೆ ಸೇರಿಸೋ ಮುಂಚೆನೇ ಮುಗಿಸ್ಕೊಳ್ಳಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ಹೆಲ್ತ್ ಇನ್ಶೂರೆನ್ಸ್ ಒಂದು ಲಕ್ಷದವರೆಗೆ ಬರುತ್ತೆ, ಅದೂ ಮಾಡಿಸಿ.

ಸೇರಿಸಿದ್ಮೇಲೆ ನೋಡೋದು ಮುಗೀತು ಅಂದ್ಕೊಳ್ಳೋರೇ ಜಾಸ್ತಿ. ಮೊದಲ ತಿಂಗಳು ಬರಬೇಡಿ, ಹೊಂದ್ಕೊಳ್ಳಲಿ ಅಂತ ಹೋಮ್‌ನವರು ಹೇಳ್ತಾರೆ, ನಾನು ಒಪ್ಪಲ್ಲ, ಮೊದಲ ತಿಂಗಳೇ ವಾರಕ್ಕೆರಡು ಸಲ ಹೋಗಿ. ಹೋದಾಗ ಕಾಲುಗುರು, ಹಿಮ್ಮಡಿ, ಬೆನ್ನ ಕೆಳಗೆ, ಕಿವಿ ಹಿಂದೆ ನೋಡಿ, ಮುಖ ತೊಳೆಸಿರ್ತಾರೆ, ಇವನ್ನ ಮರೆತಿರ್ತಾರೆ. ಏನಾದ್ರೂ ಕಂಡ್ರೆ ಫೋಟೋ ತೆಗೆದು ಡೇಟ್ ಹಾಕಿ ಮ್ಯಾನೇಜರ್‌ಗೆ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಅವರು ಕೇಳಲಿಲ್ಲ ಅಂದ್ರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ, ಅಲ್ಲೂ ಆಗಲಿಲ್ಲ ಅಂದ್ರೆ ಬೆಂಗಳೂರಿನ ರಾಜ್ಯ ಆಯುಕ್ತರ ಕಚೇರಿಗೆ.

ಮತ್ತೆ ಒಂದು ತೂಕದ ಮೆಷಿನ್ ತಗೊಳ್ಳಿ, ಸಾವಿರ ರೂಪಾಯಿ ಒಳಗೇ ಸಿಗುತ್ತೆ, ಗಾಜಿಂದು ಬೇಡ, ಜಾರುತ್ತೆ. ನನ್ನದು ಕಾರಿನ ಡಿಕ್ಕಿಯಲ್ಲೇ ಇರುತ್ತೆ, ಸ್ಟಾಫ್ ನಗ್ತಾರೆ, ನಗಲಿ. ಪ್ರತಿ ತಿಂಗಳು ಮೊದಲ ಭಾನುವಾರ ತಮ್ಮನನ್ನ ನಿಲ್ಲಿಸಿ ಬರ್ಕೋತೀನಿ. ಹೋದ ವರ್ಷ 58 ಇದ್ದೋನು ಎರಡೇ ತಿಂಗಳಲ್ಲಿ 54ಕ್ಕೆ ಬಂದ. ಅಷ್ಟು ಚೆನ್ನಾಗಿ ನೋಡ್ಕೊಳ್ಳೋ ಜಾಗದಲ್ಲೂ ಯಾರಿಗೂ ಗೊತ್ತಾಗಿರಲಿಲ್ಲ, ದಿನಾ ನೋಡೋರಿಗೆ ಇಳಿದಿದ್ದು ಕಾಣಲ್ಲ. ಡೆಂಟಿಸ್ಟ್ ಹತ್ರ ಕರ್ಕೊಂಡು ಹೋದ್ರೆ ದವಡೆ ಹಲ್ಲು ಎರಡು ಹುಳುಕು. ಈಗ 57.