ಬಿರಡೆ ತೆಗೆದರೆ ಸಾಲದು: ಕಾರವಾರದ ಸೆಕೆಯಲ್ಲಿ ರೆಡ್ ವೈನ್

ಗೇರುಹಣ್ಣು ಕಚ್ಚಿದವರಿಗೆ ಒಗರು ಅಂದರೇನೆಂದು ಬೇರೆ ಹೇಳಬೇಕಿಲ್ಲ. ನಾಲಿಗೆ ಒಣಗುತ್ತದೆ, ಒಸಡು ಬಿಗಿಯುತ್ತದೆ. ನಾನು ಮೊದಲು ಕುಡಿದ ರೆಡ್ ವೈನ್ ಹಾಗೇ ಇತ್ತು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಅದಕ್ಕೆ ಕಾರಣ. ‘ಇದಕ್ಕೆ ಗಾಳಿ ಬೇಕು ಭಾವ, ಸ್ವಲ್ಪ ಹೊತ್ತು ಬಿಡಿ’ ಎಂದ ನನ್ನ ಹೆಂಡತಿಯ ತಮ್ಮ. ಅವನು ಪಣಜಿಯ ಹೋಟೆಲೊಂದರಲ್ಲಿ ಕೆಲಸ ಮಾಡುವವನು.

ಬಿರಡೆ ತೆಗೆದು ಒಂದು ತಾಸು ಬಾಟಲಿಯನ್ನು ಸುಮ್ನೆ ಇಟ್ಟೆ. ಏನೂ ಬದಲಾಗಲಿಲ್ಲ. ಆಮೇಲೆ ಬಾಟಲಿಯ ಕುತ್ತಿಗೆ ನೋಡಿದೆ. ಗಾಳಿಗೆ ಸಿಗುವ ಜಾಗ ಹಳೆಯ ನಾಲ್ಕಾಣೆ ನಾಣ್ಯದಷ್ಟೇ. ಕೆಳಗಿರುವ 750 ಮಿಲಿಗೆ ಅದು ಎಲ್ಲಿಗೆ ಸಾಕು?

ಮುಂದಿನ ಸಲ ಒಂದೇ ತರದ ಎರಡು ಬಾಟಲಿ ನಾಸಿಕ್ ಶಿರಾಜ್ (ಆ ಹೆಸರಿನ ದ್ರಾಕ್ಷಿಯಿಂದ ಮಾಡಿದ ರೆಡ್ ವೈನ್) ತಂದೆ. ಒಂದನ್ನು ತೆರೆದು ಹಾಗೇ ಇಟ್ಟೆ. ಇನ್ನೊಂದನ್ನು ಅಗಲ ಬಾಯಿಯ ಗಾಜಿನ ಜಗ್ಗಿಗೆ ಎತ್ತರದಿಂದ ಹೊಯ್ದೆ, ಚಹಾ ಆರಿಸುತ್ತೇವಲ್ಲ, ಹಾಗೆ. ಮುಕ್ಕಾಲು ತಾಸಿನ ನಂತರ ಹೆಂಡತಿ ಒಳಗೆ ಹೋಗಿ ಲೋಟಗಳಿಗೆ ಹಾಕಿ ತಂದಳು. ಯಾವುದು ಯಾವುದೆಂದು ನನಗೂ ಅವಳ ತಮ್ಮನಿಗೂ ಹೇಳಲಿಲ್ಲ. ಇಬ್ಬರೂ ಜಗ್ಗಿನದನ್ನೇ ಆರಿಸಿದೆವು. ಬಾಟಲಿಯದರಲ್ಲಿ ಬೆಂಕಿಕಡ್ಡಿ ಗೀರಿದಂಥ ಗಂಧಕದ ವಾಸನೆ ಇನ್ನೂ ಇತ್ತು. ಜಗ್ಗಿನದರಲ್ಲಿ ಅದು ಹಾರಿಹೋಗಿ ಕಾಳುಮೆಣಸಿನ ಪರಿಮಳ ಮೇಲೆ ಬಂದಿತ್ತು. ಹೆಂಡತಿಯ ತವರು ಶಿರಸಿ ಕಡೆ, ಮೆಣಸಿನ ಬಳ್ಳಿಯ ಮಧ್ಯೆ ಬೆಳೆದವಳು. ಮೂಸಿದ ಕೂಡಲೇ ಗುರುತಿಸಿದಳು. ಇದು ಬರೀ ಕಲ್ಪನೆಯಲ್ಲ. ಕಾಳುಮೆಣಸಿಗೆ ಆ ಘಮ ಕೊಡುವ ರೊಟಂಡೋನ್ ಎಂಬ ಅಂಶ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಒಗರು ಪೂರ್ತಿ ಹೋಗಿರಲಿಲ್ಲ. ಪರಿಮಳ ಅರಳಿದ್ದರಿಂದ ಅದು ಹಿಂದೆ ಸರಿದಂತೆ ನನಗೆ ಅನ್ನಿಸಿತು.

ಆದರೆ ನಮ್ಮ ಊರಿನ ಸೆಕೆ ಬೇರೆ ಇದೆಯಲ್ಲ. ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅನ್ನುವ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಅಲ್ಲಿ ಅದು 16ರಿಂದ 18 ಡಿಗ್ರಿ. ಮೇ ತಿಂಗಳಲ್ಲಿ ಕಾರವಾರದ ಮನೆಯೊಳಗೆ ಸಂಜೆಯೂ 30 ದಾಟಿರುತ್ತದೆ. ಒಮ್ಮೆ ಜಗ್ಗನ್ನು ಎರಡು ತಾಸು ಮೇಜಿನ ಮೇಲೇ ಬಿಟ್ಟಿದ್ದೆ. ಮೂಗಿಗೆ ಬಡಿದದ್ದು ಬರೀ ಆಲ್ಕೋಹಾಲ್. ಹಣ್ಣಿನ ವಾಸನೆ ಎಲ್ಲೂ ಇಲ್ಲ. ಒಳ್ಳೆಯ ಬಾಟಲಿ ಹಾಳಾಯಿತೆಂದು ತುಂಬ ಬೇಜಾರಾಯಿತು.

ಈಗ ಬಾಟಲಿಯನ್ನು ಮೊದಲು ಫ್ರಿಜ್ಜಿನಲ್ಲಿ ಅರ್ಧ ತಾಸು ಇಡುತ್ತೇನೆ. ಜಗ್ಗಿಗೆ ಹೊಯ್ದ ಮೇಲೆ ಜಗ್ಗನ್ನು ತಣ್ಣೀರು ತುಂಬಿದ ಬೋಗುಣಿಯಲ್ಲಿ ನಿಲ್ಲಿಸುತ್ತೇನೆ. ಸ್ಟೀಲಿನ ಪಾತ್ರೆಯಾದರೂ ನಡೆಯುತ್ತದೆ. ತಾಮ್ರ, ಹಿತ್ತಾಳೆ ಮಾತ್ರ ಬೇಡ, ವೈನಿನ ಹುಳಿ ಅದನ್ನು ತಿನ್ನುತ್ತದೆ. ಪ್ರತಿ 15 ನಿಮಿಷಕ್ಕೊಮ್ಮೆ ಒಂದು ಗುಟುಕು ಕುಡಿದು ನೋಡುತ್ತೇನೆ. ಗಡಿಯಾರಕ್ಕಿಂತ ನಾಲಿಗೆಯ ಮಾತು ಕೇಳುವುದೇ ಸರಿ.

ಎಲ್ಲ ವೈನಿಗೂ ಇದು ಬೇಕಿಲ್ಲ. ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್ ದ್ರಾಕ್ಷಿಗಳ ಎಳೆಯ ವೈನಿಗೆ ಗಾಳಿ ಹಿತ. ಹಳೆಯ ವೈನಿಗೆ ಅದೇ ಗಾಳಿ ಶತ್ರು. ಗೆಳೆಯರೊಬ್ಬರು ಕೊಟ್ಟ ಹದಿನೈದು ವರ್ಷದ ಒಂದು ಬಾಟಲಿಯನ್ನು ಹೀಗೇ ಒಂದು ತಾಸು ಬಿಟ್ಟೆ. ತೆರೆದಾಗ ಒಣದ್ರಾಕ್ಷಿಯಂಥ ಎಷ್ಟು ಚಂದದ ಪರಿಮಳ ಇತ್ತು! ಕುಡಿಯುವ ಹೊತ್ತಿಗೆ ಸಪ್ಪೆ. ಫ್ರಾನ್ಸಿನ ಬೋರ್ಡೋದ ವೈನ್ ತಜ್ಞ ಎಮಿಲ್ ಪೇನೊ ಹೇಳುತ್ತಿದ್ದದ್ದೂ ಅದೇ: ಬಾಟಲಿಯ ತಳದ ಗಷ್ಟು ಬೇರ್ಪಡಿಸಬೇಕಿದ್ದರೆ ಕುಡಿಯುವ ಮುಂಚೆ ಹೊಯ್ದುಕೊಳ್ಳಿ, ಗಂಟೆಗಟ್ಟಲೆ ಬಿಡಬೇಡಿ. ಗೋವಾದ ಸಿಹಿ ಪೋರ್ಟ್ ವೈನ್‌ಗೂ ಇದರ ಅಗತ್ಯ ನನಗೆ ಕಂಡಿಲ್ಲ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿಟ್ಟ ಬಟ್ಟೆಯಂಥ ಮುಗ್ಗಲು ವಾಸನೆ ವೈನಿಗೆ ಬಂದಿದ್ದರೆ ತಪ್ಪು ಬಿರಡೆಯದು. ಎಷ್ಟು ಗಾಳಿ ಕೊಟ್ಟರೂ ಅದು ಹೋಗುವುದಿಲ್ಲ.

ಜಗ್ಗಿನಲ್ಲಿ ಉಳಿದದ್ದನ್ನು ನಾನು ಚಿಕ್ಕ ಬಾಟಲಿಗೆ ಕಂಠದವರೆಗೂ ತುಂಬಿಸಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡುತ್ತೇನೆ. ಮರುದಿನ ಕೋಳಿ ಸುಕ್ಕದ ಜೊತೆ ಅದು ಮುಗಿಯುತ್ತದೆ.